ದನಿಯ ಬಾಲ

ಕೇಳಿಸದಿದ್ದರೂ ಬೆರಳೆತ್ತುವವರನ್ನು ಹಿಡಿಯುವುದೇ ಕಿವಿ ಪರೀಕ್ಷೆ ಮಾಡುವ ಅವನ ಕೆಲಸದಲ್ಲಿ ಅರ್ಧ. ಗಾಜಿನ ಆಚೆ, ಗೋಡೆಗೆಲ್ಲ ಸ್ಪಂಜು ಹೊದಿಸಿದ ಗೂಡಿನಂಥ ಕೋಣೆಯಲ್ಲಿ, ತಲೆಗೆ ದಪ್ಪ ಹೆಡ್‌ಫೋನು ಸಿಕ್ಕಿಸಿಕೊಂಡು ಕೂತ ಮುದುಕರು ಓದದೆ ಪರೀಕ್ಷೆಗೆ ಬಂದ ಮಕ್ಕಳ ಹಾಗೆ ಅವನ ಮುಖವನ್ನೇ ನೋಡುತ್ತಾರೆ. ಅವನ ಕೈ ಗುಂಡಿಯ ಹತ್ತಿರ ಹೋಯಿತೋ, ಹುಬ್ಬು ಒಂದಿಷ್ಟು ಅಲುಗಿತೋ, ಸದ್ದು ಬಂದಿರಲೇಬೇಕು ಎಂದು ಲೆಕ್ಕ ಹಾಕಿ ಬೆರಳೆತ್ತಿಬಿಡುತ್ತಾರೆ. ಕಿವಿ ಹೋದದ್ದಕ್ಕಿಂತ, ಹೋಗಿದೆ ಎಂದು ಇನ್ನೊಬ್ಬನ ಎದುರು ಒಪ್ಪಿಕೊಳ್ಳುವುದು ಅವರಿಗೆ ಕಷ್ಟ. ಆದ್ದರಿಂದ ಅವನು ನಡುನಡುವೆ ಏನನ್ನೂ ಕಳಿಸದೆ ಸುಮ್ಮನೆ ಗುಂಡಿಯತ್ತ ಕೈ ಒಯ್ಯುತ್ತಾನೆ. ಇವತ್ತು ಬೆಳಿಗ್ಗೆ ಬಂದ ನಿವೃತ್ತ ಡ್ರಿಲ್ ಮೇಷ್ಟ್ರು ಹಾಗೆ ಎರಡು ಸಲ ಸಿಕ್ಕಿಬಿದ್ದರು. ಎರಡನೆಯ ಸಲ ಅವನು ಮೈಕಿನಲ್ಲಿ ಜೋರಾಗಿಯೇ, “ಏನೂ ಕಳಿಸಿರ್ಲಿಲ್ಲ ಮೇಷ್ಟ್ರೇ,” ಅಂದುಬಿಟ್ಟ. ಎತ್ತಿದ ಬೆರಳನ್ನು ಏನು ಮಾಡಬೇಕೆಂದು ತೋಚದೆ ಅವರು ಅದರಿಂದ ಮೂಗು ಕೆರೆದುಕೊಂಡರು. ಹೇಳಲೇಬೇಕೆಂದೇನೂ ಇರಲಿಲ್ಲ. ಮನಸ್ಸಿನಲ್ಲೇ ಗುರುತು ಹಾಕಿಕೊಂಡು ಮುಂದೆ ಹೋಗಬಹುದಿತ್ತು. ಮೊದಲೆಲ್ಲ ಹಾಗೇ ಮಾಡುತ್ತಿದ್ದ. ಈಚೆಗೆ, ಸರಿಯಾಗಿ ಹೇಳಬೇಕೆಂದರೆ ಹೆಂಡತಿಯ ತಮ್ಮ ಮರಿಯ ಹಾಡು ಹೊರಬಿದ್ದ ಮೇಲೆ, ಬೇರೆಯವರ ಮುಖ ಸಣ್ಣಗಾಗುವುದನ್ನು ನೋಡಿದರೆ ಅವನಿಗೆ ಒಳಗೆಲ್ಲೋ ಸ್ವಲ್ಪ ತಂಪಾಗುತ್ತಿತ್ತು.

ಮೇಷ್ಟ್ರನ್ನು ಕರೆದುಕೊಂಡು ಬಂದಿದ್ದ ಮೊಮ್ಮಗಳು ಹೊರಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾಲು ಕುಣಿಸುತ್ತ ಕೂತಿದ್ದಳು. ಅವಳ ಫೋನಿನಿಂದ ಬರುತ್ತಿದ್ದುದೂ ಅದೇ ಹಾಡು. ಮೊದಲು ಡ್ರಮ್ಮು, ಸೋಮಾರಿ ಹೆಜ್ಜೆ ಇಟ್ಟು ಬಂದಂತೆ. ಆಮೇಲೆ ‘ಟಕ್’ ಎಂಬ ಸಣ್ಣ ಸದ್ದು. ಅದರ ಬೆನ್ನಿಗೇ ಒಬ್ಬ ಹೆಂಗಸಿನ ದನಿ, ಹಾಡಿನ ಯಾವ ಶಬ್ದವೂ ಅಲ್ಲ, ಶಬ್ದ ಮುಗಿದ ಮೇಲೂ ಮುಗಿಯಲು ಒಪ್ಪದೆ ಎಳೆದುಕೊಂಡು ಹೋಗುವ ಒಂದು ‘ಆ’. ಮತ್ತೆ ಟಕ್, ಮತ್ತೆ ಆ. ಅದರ ಮೇಲೆ ಪ್ರಾಸ ಕಟ್ಟಿ ಮಾತಾಡುವವನು ಯಾರೋ ಬಸ್ ಕಂಡಕ್ಟರನಂತೆ, ಟಿಕೆಟ್ ಹರಿಯುವ ಲಯದಲ್ಲೇ ಮಾತು ಹರಿಯುತ್ತಾನೆ. ಮನೆ ರಸ್ತೆಯ ಕಟಿಂಗ್ ಶಾಪಿನಲ್ಲಿ ಇದೇ, ಆಟೋದಲ್ಲಿ ಇದೇ, ಮೊನ್ನೆ ಲಿಫ್ಟಿನಲ್ಲಿ ಯಾವನೋ ಗುನುಗುತ್ತಿದ್ದುದೂ ಇದೇ. “ಜೋರು ಕಡಿಮೆ ಮಾಡಮ್ಮ, ಒಳಗೆ ಟೆಸ್ಟ್ ನಡೀತಿದೆ,” ಅಂದ ಅವನು. ಸ್ಪಂಜಿನ ಕೋಣೆಯೊಳಗೆ ಇರುವೆಯ ಹೆಜ್ಜೆಯೂ ಹೋಗುವುದಿಲ್ಲ ಎನ್ನುವುದು ಅವನಿಗೇ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಹುಡುಗಿ ಕಡಿಮೆ ಮಾಡಿದಳು, ನಿಲ್ಲಿಸಲಿಲ್ಲ. ಸಣ್ಣಗಾದ ಮೇಲೆ ಆ ಟಕ್ ಇನ್ನೂ ಸ್ಪಷ್ಟವಾಗಿ ಅವನ ಕಿವಿಯಲ್ಲಿ ಬಡಿಯತೊಡಗಿತು.

ಆ ಟಕ್ ಅವನದು. ಐದನೆಯ ವಯಸ್ಸಿನಲ್ಲಿ, ತಿರುಗುತ್ತಿದ್ದ ಕಪ್ಪು ತಟ್ಟೆಯ ಮೇಲೆ ತನ್ನ ತಗಡಿನ ಲಾರಿ ಓಡಿಸಿ ಅವನೇ ಎಳೆದ ಗೀರು. ಅಪ್ಪ ಹೊಡೆಯಲು ಕೈ ಎತ್ತಿದ್ದರು, ಅಮ್ಮ ಅಡ್ಡ ಬಂದಿದ್ದಳು: “ಹೋಗ್ಲಿ ಬಿಡಿ, ಅದರಲ್ಲಿ ನಾನೇನು ಹೆಸರು ಹಾಕಿಸಿಕೊಂಡಿದೀನಾ.” ಅಮ್ಮ ಮದುವೆಗೆ ಮುಂಚೆ ಒಂದಷ್ಟು ಕಾಲ ರೆಕಾರ್ಡಿಂಗುಗಳಲ್ಲಿ ಕೋರಸ್ ಹಾಡುತ್ತಿದ್ದಳು. ದೊಡ್ಡ ಗಾಯಕಿ ಒಂದು ಸಾಲು ಹಾಡಿದರೆ, ಹಿಂದಿನಿಂದ ನಾಲ್ಕು ಹೆಂಗಸರು ಒಂದೇ ಮೈಕಿನ ಸುತ್ತ ನಿಂತು ಅದನ್ನೇ ತಿರುಗಿ ಹಾಡುವುದು. ಮನೆಯಲ್ಲಿ ಉಳಿದಿದ್ದದ್ದು ಆ ಒಂದೇ ರೆಕಾರ್ಡು. ನಾಲ್ಕರಲ್ಲಿ ಎಲ್ಲಕ್ಕಿಂತ ಮೇಲೆ, ದಾರದ ತುದಿಗೆ ಕಟ್ಟಿದ ಗಾಳಿಪಟದ ಹಾಗೆ ಆಡುತ್ತಿದ್ದ ತೆಳು ದನಿ ಅಮ್ಮನದು. ಅದು ಬಂದಾಗೆಲ್ಲ ಅವನು, “ಅಮ್ಮ! ಅಮ್ಮ ಬಂದ್ಲು!” ಎಂದು ಕುಣಿಯುತ್ತಿದ್ದನಂತೆ. ತಾನು ಹುಟ್ಟುವ ಮೊದಲೇ ಅಮ್ಮ ಇಷ್ಟು ಚಂದ ಇದ್ದಳಲ್ಲ ಎಂದು ಅವನಿಗೆ ಆಗಲೂ ಒಂದು ಬಗೆಯ ಹೊಟ್ಟೆಕಿಚ್ಚಿತ್ತು, ಈಗ ಯೋಚಿಸಿದರೆ.

ಬೀಟ್ ಕಟ್ಟುವುದನ್ನು ಅವನು ತಾನಾಗಿ ಕಲಿತಿದ್ದ. ಹಳೆಯ ಹಾಡಿನಿಂದ ಒಂದು ಚೂರು ಕತ್ತರಿಸು, ಎಳೆ, ಕುಗ್ಗಿಸು, ಹಿಂದುಮುಂದು ಮಾಡು, ಸುತ್ತುಸುತ್ತು ಓಡಿಸು, ಕೆಳಗೆ ಡ್ರಮ್ಮು ಹಾಸು, ಮೇಲೆ ಮಾತಾಡುವವನಿಗೆ ಜಾಗ ಬಿಡು. ಹೇಳಲು ಇಷ್ಟೇ. ಮಾಡಲು ಕೂತರೆ ಜನ್ಮ ಸಾಲದು. ಮದುವೆಯಾದ ಹೊಸತರಲ್ಲಿ ಹೆಂಡತಿಯ ತಮ್ಮ ಮನೆಗೆ ಬಂದು ಅವನ ಬೆನ್ನ ಹಿಂದೆ ನಿಂತು ನೋಡುತ್ತಿದ್ದ. ಆರಡಿ ಎತ್ತರದ ಆಳು, ಫ್ರಿಜ್ ರಿಪೇರಿ ಮಾಡುತ್ತಾನೆ, ಬಾಗಿಲಿಗೆ ತಲೆ ಬಗ್ಗಿಸದೆ ಒಳಗೆ ಬರಲಾರ. ಅಕ್ಕ ತೊಟ್ಟಿಲು ತೂಗುವಾಗ ಇಟ್ಟ ‘ಮರಿ’ ಎಂಬ ಹೆಸರು ಮಾತ್ರ ಇನ್ನೂ ಹೋಗಿಲ್ಲ. “ಭಾವ, ನನಗೂ ಹೇಳಿಕೊಡಿ,” ಅಂದಿದ್ದ. ಅವನು ಹೇಳಿಕೊಟ್ಟ, ಮನಸಾರೆ ಹೇಳಿಕೊಟ್ಟ, ಅದು ಸುಳ್ಳಲ್ಲ. ತನಗಿಂತ ದಡ್ಡನಾದ ಶಿಷ್ಯನಿಗೆ ಹೇಳಿಕೊಡುವಷ್ಟು ಸುಖ ಬೇರೆ ಯಾವುದಿದೆ? ಮೊದಲ ಪಾಠ, ದನಿ ಶುರುವಾಗುವ ಸರಿಯಾದ ಜಾಗದಲ್ಲಿ ಕತ್ತರಿ ಹಾಕುವುದು. ಎರಡನೆಯ ಪಾಠ, ಬಾಲ ಕತ್ತರಿಸುವುದು. ಸಾಲು ಮುಗಿದ ಮೇಲೆ ದನಿಗಳೆಲ್ಲ ಒಂದೇ ಸಲ ನಿಲ್ಲುವುದಿಲ್ಲ, ಒಬ್ಬರು ಮುಂಚೆ ಒಬ್ಬರು ಆಮೇಲೆ, ಯಾರದೋ ಉಸಿರು, ಯಾರದೋ ಎಳೆತ, ಅದೆಲ್ಲ ಕಸ. “ಬಾಲ ಬಿಟ್ಟರೆ ಬೀಟ್ ಕೊಳಕಾಗುತ್ತೆ, ನೋಡು,” ಎಂದು ಕತ್ತರಿಸಿ ತೋರಿಸಿದ್ದ. ಮರಿ ತಲೆಯಾಡಿಸಿದ್ದ. ಅಮ್ಮನ ಕೋರಸ್ಸನ್ನು ಅವನು ಒಂಬತ್ತು ವರ್ಷದಿಂದ ತಿದ್ದುತ್ತಿದ್ದಾನೆ. ಆ ಗಾಳಿಪಟದ ದನಿಯನ್ನು ಮಾತ್ರ ಬಿಡಿಸಿಕೊಳ್ಳಲು ಕೆಳಗಿನದನ್ನೆಲ್ಲ ಸೋಸಿ, ಬಾಲ ಕತ್ತರಿಸಿ, ತೊಳೆದು, ಒರೆಸಿ, ಎಪ್ಪತ್ತೋ ಎಂಬತ್ತೋ ಬಗೆ ಮಾಡಿ ಇಟ್ಟಿದ್ದಾನೆ. ಒಂದನ್ನೂ ಯಾರಿಗೂ ಕೇಳಿಸಿಲ್ಲ. ಯಾವುದರಲ್ಲೂ ಅಮ್ಮ ಅಮ್ಮನ ಹಾಗೆ ಇರುತ್ತಿರಲಿಲ್ಲ. ಹಬೆ ಹೋದ ಕಾಫಿಯ ಹಾಗಿರುತ್ತಿದ್ದಳು.

“ಏನ್ರೀ ಆಯ್ತು ನಿಮ್ಮ ಹಾಡು?” ಎಂದು ಹೆಂಡತಿ ಕೇಳಿದಾಗ ಒಮ್ಮೆ ಅವನು, “ಹಳೇ ಹಾಡಿನ ಹಕ್ಕು ಇರೋ ಕಂಪನಿಯವರು ಒಪ್ಪಿಗೆ ಕೊಡಲ್ಲ ಅಂತಾರೆ,” ಅಂದಿದ್ದ. ಅದು ಸುಳ್ಳು. ಅವನು ಬರೆದು ಕೇಳಿದ್ದು ನಿಜ. ಕಂಪನಿಯ ಹಕ್ಕು ವಿಭಾಗದ ಹೆಂಗಸು, ‘ನೀವು ಮಾಡಿದ್ದನ್ನು ಒಮ್ಮೆ ಕಳಿಸಿ, ಕೇಳಿ ಹೇಳುತ್ತೇವೆ’ ಎಂದು ಸಭ್ಯವಾಗಿಯೇ ಉತ್ತರಿಸಿದ್ದಳು. ಕಳಿಸಲು ಅವನ ಹತ್ತಿರ ಏನೂ ಇರಲಿಲ್ಲ. ಕುಣಿಯಲಾರದವನಿಗೆ ನೆಲ ಡೊಂಕು ಅನ್ನುತ್ತಾರಲ್ಲ, ಕಂಪನಿಯವರು ಅವನ ಡೊಂಕು ನೆಲ. ಆ ಊಟದ ಮೇಜಿನಲ್ಲಿ ಮರಿಯೂ ಇದ್ದ. “ಅಯ್ಯೋ, ಹಂಗಾ ಭಾವ,” ಎಂದು ನೊಂದುಕೊಂಡಿದ್ದ, ಪಾಪ, ನಿಜವಾಗಿ ನೊಂದುಕೊಂಡಿದ್ದ.

ಮೂರು ವಾರದ ಹಿಂದೆ ಅದೇ ಮೇಜಿನಲ್ಲಿ ಮರಿ ಫೋನು ನಡುವೆ ಇಟ್ಟು, “ಭಾವ, ಮೊದಲು ನೀವು ಕೇಳ್ಬೇಕು,” ಎಂದು ಗುಂಡಿ ಒತ್ತಿದ. ಮೊದಲ ಸುತ್ತಿನಲ್ಲೇ ಟಕ್. ಬಾಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ತನ್ನ ಗೀರು, ತನ್ನ ಮನೆಯ ರೆಕಾರ್ಡು! ಕಳ್ಳ ಬಂದು ಮನೆಯ ಪಾತ್ರೆ ಹೊತ್ತುಕೊಂಡು ಹೋಗಿ, ಅದರಲ್ಲೇ ಅಡುಗೆ ಮಾಡಿ, ಯಜಮಾನನನ್ನು ಊಟಕ್ಕೆ ಕರೆದರೆ ಹೇಗೋ ಹಾಗಾಯಿತು. ಅದಕ್ಕಿಂತ ಕೆಟ್ಟದ್ದೆಂದರೆ ಅಡುಗೆ ಚೆನ್ನಾಗಿತ್ತು. ಯಾರೋ ಎದೆಯ ಮೇಲೆ ಕೈ ಇಟ್ಟು ಮೆಲ್ಲಗೆ ಒತ್ತಿದ ಹಾಗೆ ಆ ‘ಆ’ ಬಂದು ಬಂದು ಹೋಗುತ್ತಿತ್ತು. ಹೆಂಡತಿಯ ಕಣ್ಣು ತೇವವಾಗಿತ್ತು. ಅಮ್ಮ ಊಟ ಬಿಟ್ಟು, ತಲೆ ತಗ್ಗಿಸಿ, ತನ್ನ ಅಂಗೈಯನ್ನೇ ನೋಡುತ್ತ ಕೂತಿದ್ದಳು. “ಚೆನ್ನಾಗಿದೆ,” ಅಂದ ಅವನು. ಆಮೇಲೆ, ಅಷ್ಟಕ್ಕೇ ಬಿಡಲಾರದೆ, “ಬೇಸ್ ಸ್ವಲ್ಪ ಜಾಸ್ತಿಯಾಯ್ತು. ಬಾಲ ಬಿಟ್ಟುಬಿಟ್ಟಿದೀಯ, ನೋಡ್ಕೋ.” ಮರಿ ನಕ್ಕ. “ಬಾಲಾನೇ ಇರೋದು ಭಾವ, ಬೇರೆ ಏನೂ ತಗೊಂಡಿಲ್ಲ. ಆದ್ರೆ ಕತ್ತರಿ ಹಿಡಿಯೋಕೆ ಕಲಿಸಿದ್ದು ನೀವೇ ಅಲ್ವಾ.” ಕಲಿಸಿದ್ದು ನೀವೇ ಎಂಬ ಮಾತಿಗಿಂತ ಬೆನ್ನಿಗೆ ನಾಲ್ಕು ಗುದ್ದಿದ್ದರೆ ಅವನು ಸುಖವಾಗಿ ನಿದ್ದೆ ಮಾಡುತ್ತಿದ್ದ.

ಮರುದಿನ ಕಪಾಟು ತೆಗೆದು ನೋಡಿದ್ದ. ರೆಕಾರ್ಡಿನ ರಟ್ಟಿನ ಲಕೋಟೆ ಇದ್ದ ಜಾಗದಲ್ಲೇ ನೆಟ್ಟಗೆ ನಿಂತಿತ್ತು, ಒಳಗೆ ಏನೂ ಇರಲಿಲ್ಲ. ಯಾರನ್ನಾದರೂ ಕೇಳಿದ್ದರೆ ಒಂದು ಮಾತಿನಲ್ಲಿ ಮುಗಿಯುತ್ತಿತ್ತು. ಆದರೆ ಕೇಳಿದರೆ ಅದು ಕಳ್ಳತನವಲ್ಲ ಎಂದು ತಿಳಿದುಬಿಡಬಹುದಲ್ಲ! ಕಳ್ಳತನವೇ ಆಗಿರಲಿ ಎಂದು ಅವನಿಗೆ ಆಸೆಯಿತ್ತು. ಆ ಆಸೆಯನ್ನು ಮೂರು ವಾರ ಕೂಸಿನ ಹಾಗೆ ಸಾಕಿದ. ಅದಕ್ಕೆ ಇನ್ನೂ ಒಂದು ಆಹಾರ ಸಿಕ್ಕಿತು: ಮರಿಯ ಬೀಟಿನಲ್ಲಿ ಅಮ್ಮನೇ ಇಲ್ಲ. ಗಾಳಿಪಟ ಎಲ್ಲೂ ಇಲ್ಲ. ದಡ್ಡ, ಕೈಗೆ ಸಿಕ್ಕ ಬಾಲ ಹಿಡಿದುಕೊಂಡು ಹೋಗಿದ್ದಾನೆ, ಆ ಬಾಲದಲ್ಲಿರುವುದು ಯಾವಳೋ ಕೆಳದನಿಯವಳು, ಮರದ ಬಾಗಿಲು ಎಳೆದಂಥ ದನಿ. ನಮ್ಮ ಮನೆಯ ರೆಕಾರ್ಡಿನಿಂದ ನಮ್ಮ ಅಮ್ಮನನ್ನೇ ತೆಗೆದು ಬಿಸಾಡಿ, ಯಾರದೋ ದನಿಯನ್ನು ಊರಿಗೆಲ್ಲ ಕೇಳಿಸುತ್ತಿದ್ದಾನೆ. ಹೀಗೆ ಯೋಚಿಸಿದಾಗ ಹೊಟ್ಟೆಕಿಚ್ಚಿಗೆ ನ್ಯಾಯದ ಅಂಗಿ ತೊಡಿಸಿದಂತಾಗಿ, ಕನ್ನಡಿಯಲ್ಲಿ ಮುಖ ನೋಡಿಕೊಳ್ಳಲು ಅವನಿಗೆ ಧೈರ್ಯ ಬರುತ್ತಿತ್ತು.

“ಸಾರ್, ತಾತನಿಗೆ ಎಷ್ಟು ಹೋಗಿದೆ?” ಮೊಮ್ಮಗಳು ಬಾಗಿಲಲ್ಲಿ ನಿಂತಿದ್ದಳು. “ಮೇಲಿನ ದನಿಗಳು ಹೋಗಿವೆ,” ಅಂದ ಅವನು. “ಹಕ್ಕಿ, ಕರೆಗಂಟೆ, ಚಿಕ್ಕ ಮಕ್ಕಳ ಮಾತು. ಕೆಳಗಿನದು ಇನ್ನೂ ಗಟ್ಟಿಯಾಗಿದೆ.” ಮೇಷ್ಟ್ರು ಹೊರಗೆ ಬಂದು, ಕೇಳಿಸದಿದ್ದರೂ ಕೇಳಿಸಿದವರಂತೆ ತಲೆದೂಗಿ, ಮೊಮ್ಮಗಳ ಫೋನಿನತ್ತ ಬಗ್ಗಿ, “ಇದು ಮಾತ್ರ ಚೆನ್ನಾಗಿ ಕೇಳಿಸುತ್ತಪ್ಪ ನನಗೆ. ಯಾರು ಈ ಹೆಂಗಸು? ಏನು ಗಟ್ಟಿ ಉಸಿರು!” ಅಂದರು. ಹುಡುಗಿ ನಕ್ಕಳು. ಅವನೂ ನಕ್ಕ, ನಗಬೇಕಾದ್ದರಿಂದ. ಅವರು ಲಿಫ್ಟಿನಲ್ಲಿ ಇಳಿದು ಹೋದ ಮೇಲೆ ಕ್ಲಿನಿಕ್ಕಿನಲ್ಲಿ ಬೇರೆ ಯಾರೂ ಇರಲಿಲ್ಲ. ಬುತ್ತಿ ಬಿಚ್ಚಲಿಲ್ಲ. ಸ್ಪಂಜಿನ ಕೋಣೆಯೊಳಗೆ ಹೋಗಿ ಬಾಗಿಲು ಎಳೆದುಕೊಂಡು, ಮುದುಕರು ಕೂರುವ ಕುರ್ಚಿಯಲ್ಲೇ ಕೂತು, ಹಕ್ಕು ವಿಭಾಗದ ಹೆಂಗಸಿನ ಹಳೆಯ ವಿಳಾಸ ಹುಡುಕಿ, ಬೇರೆ ಖಾತೆಯಿಂದ, ಹೆಸರು ಹಾಕದೆ ಎರಡು ಸಾಲು ಬರೆದ. ನಿಮ್ಮ ಇಂಥ ಹಾಡಿನ ಇಂಥ ಜಾಗವನ್ನು ಇಂಥವನು ಕೇಳದೆ ಬಳಸಿದ್ದಾನೆ, ಅಷ್ಟೇ. ಬರೆದದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಆ ಕೋಣೆಯಲ್ಲಿ ಕೂತರೆ ತನ್ನ ರಕ್ತ ಓಡುವುದು ತನಗೆ ಕೇಳಿಸುತ್ತದೆ. ಅದನ್ನು ಕೇಳುತ್ತ ಅವನು ಕಳಿಸುವ ಗುಂಡಿ ಒತ್ತಿದ. ಅಮ್ಮನನ್ನೂ ಒಮ್ಮೆ ಇದೇ ಕುರ್ಚಿಯಲ್ಲಿ ಕೂರಿಸಿ ಕಿವಿ ನೋಡಿದ್ದ. ಅವಳೊಬ್ಬಳೇ ಒಂದು ಸಲವೂ ಸುಳ್ಳು ಬೆರಳೆತ್ತಿರಲಿಲ್ಲ. ಸದ್ದು ಬಾರದಿದ್ದಾಗ ಮಗನ ಮುಖವನ್ನೂ ನೋಡದೆ, ಕಣ್ಣು ಮುಚ್ಚಿ ಸುಮ್ಮನೆ ಕೂತಿದ್ದಳು.

ಸಂಜೆಯ ಹೊತ್ತಿಗೆ ಉತ್ತರ ಬಂತು. ‘ತಿಳಿಸಿದ್ದಕ್ಕೆ ಧನ್ಯವಾದ. ತೆಗೆಸಿದ್ದೇವೆ. ನಿಜ ಹೇಳಬೇಕೆಂದರೆ ನಮ್ಮ ಕಚೇರಿಯಲ್ಲೂ ಎಲ್ಲರಿಗೂ ಹಿಡಿಸಿತ್ತು. ಮೊದಲೇ ಕೇಳಿದ್ದರೆ ಸಂತೋಷದಿಂದ ಒಪ್ಪಿಗೆ ಕೊಡುತ್ತಿದ್ದೆವು.’ ಅವನು ಬಸ್ಸಿನಲ್ಲಿ ಕಂಬ ಹಿಡಿದು ನಿಂತು ಅದನ್ನು ಓದಿದ. ಕೇಳಿದ್ದರೆ ಕೊಡುತ್ತಿದ್ದರು. ಕೇಳಬಾರದು ಎಂದು ಹೇಳಿಕೊಟ್ಟವನು ಯಾರು? ಪಕ್ಕದವನ ಭುಜ ತಗುಲಿದರೂ ಅವನಿಗೆ ಬೆಚ್ಚುವಂತಾಗುತ್ತಿತ್ತು. ಇಳಿದು ಮನೆಯ ರಸ್ತೆಗೆ ಬಂದರೆ ಕಟಿಂಗ್ ಶಾಪಿನಲ್ಲಿ ಬೇರೆ ಯಾವುದೋ ಹಾಡು. ಗೆದ್ದೆ ಅಂದುಕೊಂಡ. ಗೆದ್ದವನ ಹಾಗೆ ಮೆಟ್ಟಿಲು ಹತ್ತಲು ಪ್ರಯತ್ನ ಮಾಡಿದ.

ಬಾಗಿಲು ತೆಗೆದ ಹೆಂಡತಿಯ ಕಿವಿಯಲ್ಲಿ ಫೋನಿತ್ತು. “ರೀ, ಮರಿ ಹಾಡು ತೆಗೆದುಹಾಕಿಬಿಟ್ಟಿದ್ದಾರಂತೆ. ಯಾರೋ ಚಾಡಿ ಹೇಳಿದ್ದಾರೆ. ಯಾವನಿಗೋ ಹೊಟ್ಟೆ ಉರಿದಿರ್ಬೇಕು, ಅವನ ಹೊಟ್ಟೆಗಿಷ್ಟು ಬೂದಿ ಬೀಳ.” ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಅವನು ಹೆಗಲ ಮೇಲಿನ ಚೀಲವನ್ನು ಇಳಿಸಿದ, ಮತ್ತೆ ಹಾಕಿಕೊಂಡ, ಮತ್ತೆ ಇಳಿಸಿದ. “ಯಾರಂತೆ?” ಅಂದ. “ಹೆಸರಿಲ್ಲವಂತೆ.” ಒಳಗೆ ಅಮ್ಮ ಸೋಫಾದಲ್ಲಿ ಎದುರುಮನೆಯಾಕೆಯ ಜೊತೆ ಕೂತು, ಫೋನನ್ನು ಕಣ್ಣಿನ ಹತ್ತಿರ ಹಿಡಿದು ಒತ್ತಿ ಒತ್ತಿ ನೋಡುತ್ತಿದ್ದಳು. ಅಮ್ಮ ಮನೆಗೆ ಯಾರನ್ನೂ ಕರೆಯುವವಳಲ್ಲ. ಇವತ್ತು ಕರೆದಿದ್ದಳು, ಎರಡು ಬಿಸ್ಕತ್ತು ತಟ್ಟೆಯಲ್ಲಿಟ್ಟು, ತಲೆ ಬಾಚಿಕೊಂಡು. “ಬಂದೆಯಾ, ನೋಡೋ ಇದನ್ನ. ಬೆಳಿಗ್ಗೆ ಹಾಡ್ತಾ ಇತ್ತು, ಈಗ ಬರೀ ಬಿಳಿ ಪರದೆ ತೋರಿಸ್ತಿದೆ.” ಎದುರುಮನೆಯಾಕೆ ಎದ್ದು ನಿಂತು, “ಇರ್ಲಿ ಬಿಡಿ, ಇನ್ನೊಂದಿನ ಕೇಳಿದರಾಯ್ತು,” ಅಂದಳು. ಮಕ್ಕಳು ಆನೆ ನೋಡಿದೆ ಅಂದಾಗ ದೊಡ್ಡವರ ಮುಖದಲ್ಲಿ ಬರುತ್ತದಲ್ಲ, ಅಂಥ ನಗು ಇತ್ತು ಅವಳ ಮುಖದಲ್ಲಿ. “ಇಲ್ಲ ಕಣ್ರೀ, ಇತ್ತು,” ಅಂದಳು ಅಮ್ಮ. “ನಿಜವಾಗ್ಲೂ ಇತ್ತು.” ಬಾಗಿಲು ಮುಚ್ಚಿಕೊಂಡಿತು. ಅಮ್ಮ ತಟ್ಟೆಯಲ್ಲಿ ಉಳಿದ ಬಿಸ್ಕತ್ತನ್ನು ಡಬ್ಬಿಗೆ ಹಾಕಲು ಎದ್ದಳು.

ಮರಿ ಬಂದಾಗ ಇನ್ನೂ ದೀಪ ಹಾಕಿರಲಿಲ್ಲ. ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬಂದ. ಕೈಯಲ್ಲಿ ಟವೆಲಿನಲ್ಲಿ ಸುತ್ತಿದ ರೆಕಾರ್ಡು, ಕೂಸು ಹಿಡಿದಂತೆ ಎರಡೂ ಕೈಯಲ್ಲಿ ಹಿಡಿದಿದ್ದ. ಹಿಡಿದು ನಿಲ್ಲಿಸಿ, ಎಲ್ಲರ ಎದುರು, ಕಳ್ಳ ಎಂದು ಹೇಳಬೇಕಾದ ಗಳಿಗೆ ಇದೇ. ಮೂರು ವಾರ ಅವನು ಅದನ್ನೇ ಕಾದಿದ್ದ. ಮರಿ ನೇರವಾಗಿ ಅಮ್ಮನ ಹತ್ತಿರ ಹೋಗಿ, “ಅತ್ತೆ, ತಗೊಳ್ಳಿ, ನಿಮ್ಮದು ನಿಮಗೆ. ಜೋಪಾನವಾಗಿಟ್ಟಿದ್ದೆ,” ಅಂದ. “ಕೊಟ್ಟಾಗಲೇ ಹೇಳಿದ್ನಲ್ಲೋ, ನಿಧಾನಕ್ಕೆ ಕೊಡು ಅಂತ,” ಅಂದಳು ಅಮ್ಮ. ಅವನು ಕೂಸಿನ ಹಾಗೆ ಸಾಕಿದ್ದ ಕಳ್ಳತನ ಅಲ್ಲೇ, ಸೋಫಾದ ಪಕ್ಕದಲ್ಲಿ, ಸದ್ದಿಲ್ಲದೆ ಸತ್ತುಹೋಯಿತು.

“ಭಾವ,” ಮರಿ ಅವನತ್ತ ತಿರುಗಿದ. “ತಪ್ಪು ನನ್ನದೇ. ಕೇಳದೆ ಹಾಕಿಬಿಟ್ಟೆ. ಅವರು ಕೊಡಲ್ಲ ಅಂತ ನೀವು ಹೇಳಿದ್ರಲ್ಲ, ಕೇಳಿ ಇಲ್ಲ ಅನ್ನಿಸಿಕೊಳ್ಳೋದ್ಯಾಕೆ ಅಂತ. ಈಗ ನೀವೇ ಒಂದು ಮಾತು ಬರೆದು ನೋಡ್ತೀರಾ? ನಿಮಗೆ ಅಲ್ಲಿಯವರ ಪರಿಚಯ ಇದೆ. ನನಗೋಸ್ಕರ ಬೇಡ, ಹೋದರೆ ಹೋಗ್ಲಿ. ಅತ್ತೆಗೋಸ್ಕರ.”

ಆ ಕೊನೆಯ ಮಾತು ಬಾರದಿದ್ದರೆ ಅವನು, ಆಯ್ತು ಬರೀತೀನಿ, ಅಂದುಬಿಡುತ್ತಿದ್ದನೇನೋ. ಅತ್ತೆಗೋಸ್ಕರ! ತನ್ನ ತಾಯಿಗೋಸ್ಕರ ಏನು ಮಾಡಬೇಕೆಂದು ತನಗೆ ಹೇಳಲು ಇವನು ಯಾರು? ಒಂಬತ್ತು ವರ್ಷ ತಾನು ತೊಳೆದು ಒರೆಸಿ ಬಚ್ಚಿಟ್ಟದ್ದನ್ನು ಇವನು ಆಡುತ್ತಾಡುತ್ತ ತಗೊಂಡು ಹೋದ, ಜೊತೆಗೆ ಅಮ್ಮನನ್ನೂ ತಗೊಂಡು ಹೋದ. ಹೊಟ್ಟೆಯಲ್ಲಿದ್ದದ್ದೆಲ್ಲ ಒಂದೇ ಸಲ ಬಾಯಿಗೆ ಬಂತು. “ಅಮ್ಮನಿಗೋಸ್ಕರ ಯಾಕೋ? ಅಮ್ಮ ಎಲ್ಲಿದ್ದಾಳೆ ಅದರಲ್ಲಿ? ಇಡೀ ಕೋರಸ್ಸಲ್ಲಿ ಅಮ್ಮನ ದನಿ ಒಂದನ್ನೇ ಬಿಟ್ಟು ಮಿಕ್ಕಿದ್ದನ್ನ ಬಳಸಿದೀಯ. ಯಾವಳದೋ ಬಾಲ ಇಟ್ಕೊಂಡು ಮೆರೀತಿದ್ದೀಯ. ನನಗೆ ಕಿವಿ ಇಲ್ವಾ? ಕಿವಿ ನೋಡೋದೇ ನನ್ನ ಕೆಲಸ.”

ಹೆಂಡತಿ ಫೋನು ಕೆಳಗಿಟ್ಟಳು. ಮರಿ ಅಮ್ಮನನ್ನು ನೋಡಿದ, ಅಮ್ಮ ಮರಿಯನ್ನು ನೋಡಿದಳು. ಹೇಳ್ಲಾ, ಬೇಡವಾ ಎಂದು ಇಬ್ಬರು ಕಣ್ಣಲ್ಲೇ ಕೇಳಿಕೊಳ್ಳುವುದನ್ನು ಅವನು ನೋಡಿದ. ಇಡೀ ದಿನದಲ್ಲಿ ಅವನಿಗೆ ಅಷ್ಟು ಉರಿದದ್ದು ಬೇರೆ ಇಲ್ಲ.

“ಮೇಲಿನದು ನಾನಲ್ಲ ಕಣೋ,” ಅಂದಳು ಅಮ್ಮ.

ಅವಳು ಸಣ್ಣಗೆ ನಗುತ್ತಿದ್ದಳು, ನಾಚಿಕೊಂಡವಳಂತೆ. “ಅದು ಬೇರೊಬ್ಬಳು. ಬಳ್ಳಿ ಹಾಗಿದ್ದಳು, ದನಿಯೂ ಹಾಗೇ. ಮೈಕಿನ ಹತ್ತಿರ ಅವಳನ್ನೇ ನಿಲ್ಲಿಸ್ತಿದ್ರು. ನಿನ್ನ ದನಿ ಗೋಡೆ ಇದ್ದ ಹಾಗಿದೆ, ಹಿಂದೆ ನಿಲ್ಲು, ಅನ್ನೋರು ನನಗೆ. ಎಷ್ಟು ಹೊಟ್ಟೆಕಿಚ್ಚಿತ್ತು ಗೊತ್ತಾ ನನಗೆ ಅವಳ ಮೇಲೆ! ಸಾಲು ಮುಗಿದಾಗ ಮಿಕ್ಕವರೆಲ್ಲ ಉಸಿರು ಬಿಡೋರು, ನಾನು ಬೇಕು ಅಂತಲೇ ಇನ್ನೊಂಚೂರು ಎಳೀತಿದ್ದೆ. ಎಲ್ಲರೂ ನಿಲ್ಲಿಸಿದ ಮೇಲೆ ನಾನೊಬ್ಬಳು ಒಂದು ಗಳಿಗೆ ಇರ್ತೀನಲ್ಲ ಅಂತ. ಅದಕ್ಕೆ ಬೈಸಿಕೊಂಡೂ ಇದ್ದೆ.”

“ನನಗೆ ಯಾಕೆ ಹೇಳ್ಲಿಲ್ಲ?”

“ನೀನು ಕೇಳಿದ್ಯಾ? ಇಷ್ಟುದ್ದ ಇದ್ದಾಗ ಅವಳ ದನಿ ಬಂದ ಕೂಡಲೇ ಅಮ್ಮ ಅಮ್ಮ ಅಂತ ಕುಣೀತಿದ್ದೆ. ಮುರಿಯೋಕೆ ಮನಸ್ಸು ಬರಲಿಲ್ಲ. ನನಗೂ…” ಅಮ್ಮ ಟವೆಲಿನ ಅಂಚನ್ನು ಮಡಚಿ ಬಿಡಿಸಿದಳು. “ನನಗೂ ಅದು ನಾನೇ ಆಗಿದ್ರೆ ಚೆನ್ನಾಗಿತ್ತು ಅನ್ನಿಸ್ತಿತ್ತು. ನನ್ನ ಮಗನ ಹತ್ರ ಆದರೂ ಆಗಿರೋಣ ಅಂತ ಸುಮ್ಮನಿದ್ದೆ. ಮರಿ ಬಂದು, ಅತ್ತೆ ಇದರಲ್ಲಿ ನೀವ್ಯಾರು, ಅಂತ ಕೇಳ್ದ. ಯಾರೂ ಕೇಳಿರಲಿಲ್ಲ ನೋಡು, ನಿಮ್ಮಪ್ಪನೂ. ಕೆಳಗಿಂದು ಅಂದೆ. ಹಾಡಿ ತೋರಿಸಿ ಅಂದ, ತೋರಿಸ್ದೆ.”

ಎಪ್ಪತ್ತೋ ಎಂಬತ್ತೋ ಬಗೆ. ಪ್ರತಿಯೊಂದರಲ್ಲೂ ಕೆಳಗಿನದನ್ನು ಸೋಸಿದ್ದ, ಪ್ರತಿಯೊಂದರಲ್ಲೂ ಬಾಲ ಕತ್ತರಿಸಿದ್ದ. ಎಷ್ಟು ನಾಜೂಕಾಗಿ, ಎಷ್ಟು ಮುತುವರ್ಜಿಯಿಂದ, ಉಸಿರಿನ ಎಳೆಯೂ ಉಳಿಯದ ಹಾಗೆ. ಆ ಬಳ್ಳಿಯಂಥವಳು ಈಗ ಎಲ್ಲಿದ್ದಾಳೋ, ಅವಳ ಮಕ್ಕಳೂ ಕೇಳಿರದಷ್ಟು ಸಲ ಅವಳನ್ನು ಇವನು ಕೇಳಿದ್ದ. ಹೋಗಲಿ, ಮೂರು ವಾರದಿಂದ ಬಸ್ಸಿನಲ್ಲಿ, ಲಿಫ್ಟಿನಲ್ಲಿ, ಅಂಗಡಿಯಲ್ಲಿ ಅಮ್ಮ ಒಬ್ಬಳೇ ನಿಂತು ಹಾಡುತ್ತಿದ್ದಳಲ್ಲ, ಡ್ರಿಲ್ ಮೇಷ್ಟ್ರಿಗೂ ಕೇಳಿಸಿದ್ದು ಅವನಿಗೆ ಕೇಳಿಸಿರಲಿಲ್ಲವಲ್ಲ. ಅಮ್ಮ ಒಂದು ಗಳಿಗೆ ಹೆಚ್ಚಿಗೆ ನಿಂತಿದ್ದಳು, ಅಷ್ಟೇ ಅವಳ ಪಾಲಿಗೆ ಬಂದದ್ದು. ಅದನ್ನು ಇವತ್ತು ಬುತ್ತಿ ತಿನ್ನುವ ಹೊತ್ತಿನಲ್ಲಿ ಇವನು ಮುಗಿಸಿಬಿಟ್ಟಿದ್ದ. ಜೇಬಿನಲ್ಲಿದ್ದ ಫೋನು, ಅದರೊಳಗಿನ ಹೆಸರಿಲ್ಲದ ಎರಡು ಸಾಲು, ತೊಡೆಗೆ ಬಿಸಿಯಾಗಿ ತಾಗಿದಂತಾಯಿತು. ಈಗ ಹೇಳಬೇಕು. ಈಗ ಹೇಳದಿದ್ದರೆ ಇನ್ನು ಯಾವತ್ತೂ ಆಗುವುದಿಲ್ಲ. ಬಾಯಿ ತೆರೆದ. “ಬರೀತೀನಿ,” ಅಂದ. “ಅವರಿಗೆ ಬರೀತೀನಿ. ಕೊಡ್ತಾರೆ.”

“ಕೊಡ್ತಾರಾ ಭಾವ?” ಮರಿಯ ಮುಖ ಅರಳಿತು. ಅದರಲ್ಲಿ ಅನುಮಾನದ ಒಂದು ಎಳೆಯಾದರೂ ಇರಲಿ ಎಂದು ಅವನು ಹುಡುಕಿದ. ಇರಲಿಲ್ಲ. ಒಳ್ಳೆಯವನಾಗಿರುವುದರಲ್ಲೂ ಇವನು ನನಗಿಂತ ಮುಂದೆ ಹೋದನಲ್ಲ ಎಂದು, ಅಷ್ಟು ಹೊತ್ತಿನಲ್ಲೂ, ಅವನಿಗೆ ಹೊಟ್ಟೆ ಉರಿಯಿತು.

“ಅಲ್ಲಿವರೆಗೆ ಯಾಕೆ ಕಾಯ್ಬೇಕು, ರೆಕಾರ್ಡ್ ಬಂದಿದೆಯಲ್ಲ, ಹಾಕು,” ಅಂದಳು ಅಮ್ಮ. “ನೀನೇ ಹಾಕು. ಯಾವುದು ನಾನು ಅಂತ ನಿನಗೂ ಒಂದ್ಸಲ ಗೊತ್ತಾಗ್ಲಿ.” ಅವನು ಹಳೆಯ ಪ್ಲೇಯರಿನ ಮುಚ್ಚಳ ತೆಗೆದ. ಅಮ್ಮ ಎದುರಿನ ಕುರ್ಚಿಯಲ್ಲಿ ಕೂತಳು. ಮುಳ್ಳು ಎರಡು ಸಲ ಜಾರಿ, ಮೂರನೆಯ ಸಲ ಕೂತಿತು. ದೊಡ್ಡ ಗಾಯಕಿ ಹಾಡತೊಡಗಿದಳು. ಗೀರು ಟಕ್ ಟಕ್ ಎಂದು ತಿರುಗುತ್ತಿತ್ತು. “ನಾನು ಬಂದಾಗ ಬೆರಳೆತ್ತು ನೋಡೋಣ,” ಎಂದು ಅಮ್ಮ ತಮಾಷೆ ಮಾಡಿದಳು, “ಅವತ್ತು ನೀನು ನನ್ನ ಕೂರಿಸಿದ್ದೆಯಲ್ಲ, ಹಂಗೆ.” ಮರಿ ನಕ್ಕ, ಹೆಂಡತಿಯೂ ನಕ್ಕಳು. ಅವನು ಕಿವಿಯನ್ನೆಲ್ಲ ಒಂದು ಕಡೆ ತಂದು ಕೇಳಿದ. ಪಿಟೀಲು, ತಬಲ, ಎಲ್ಲೋ ಒಂದು ಕೊಳಲು. ಕೆಳಗೆ ಏನೋ ಇದ್ದಂತೆ, ಇಲ್ಲದಂತೆ. ತಲೆ ಎತ್ತಿ ಅಮ್ಮನ ಮುಖವನ್ನೇ ನೋಡಿದ. ಅವಳು ಹಾಡಿನ ಜೊತೆ ತುಟಿ ಆಡಿಸುತ್ತಿದ್ದಳು, ಕಣ್ಣು ಮುಚ್ಚಿತ್ತು. ಅವಳ ಹುಬ್ಬು ಒಂದಿಷ್ಟು ಅಲುಗಿತು.

ಅವನು ಬೆರಳೆತ್ತಿದ.

ಅಮ್ಮ ಕಣ್ಣು ಬಿಟ್ಟಳು. “ಇನ್ನೂ ಬಂದಿಲ್ಲ ಕಣೋ,” ಅಂದಳು ಮೆಲ್ಲಗೆ, ಬೇರೆ ಯಾರಿಗೂ ಕೇಳಿಸದ ಹಾಗೆ. ಎತ್ತಿದ ಬೆರಳನ್ನು ಏನು ಮಾಡಬೇಕೆಂದು ತೋಚದೆ ಅವನು ಅದರಿಂದ ಮೂಗು ಕೆರೆದುಕೊಂಡ.